ಹೈ-ಎಂಡ್ ಆಂಪ್ಲಿಫೈಯರ್: ಬದಲಾಯಿಸೋದು, ಹೊರದೇಶದಿಂದ ತರೋದು – ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಳ್ಳೆಯ ಆಡಿಯೋ ಹುಚ್ಚಿರುವವರು ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿ ಇದ್ದಾರೆ. ಮನೆಗೆ ಬಂದಾಗ, ಫೋನಿನಲ್ಲಿ, ಪತ್ರದಲ್ಲಿ ಅವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ: ಆಂಪ್ (ಹಾಡಿನ ಸಣ್ಣ ಸಿಗ್ನಲ್ಲನ್ನು ಸ್ಪೀಕರ್ ಓಡಿಸುವಷ್ಟು ದೊಡ್ಡದು ಮಾಡುವ ಆಂಪ್ಲಿಫೈಯರ್) ಯಾವ ದೇಶದ್ದು ಅನ್ನುವುದಕ್ಕಿಂತ, ಅದು ನಮ್ಮ ಮನೆಯ ಪ್ಲಗ್ಗಿಗೆ ಹೊಂದುತ್ತದಾ ಅನ್ನುವುದು ದೊಡ್ಡ ಪ್ರಶ್ನೆ.

## ಶುರುವಿನಲ್ಲಿ

ಆಂಪ್ ಬದಲಾಯಿಸಿದ್ರೆ ಸೌಂಡ್ ನಿಜವಾಗ್ಲೂ ಬದಲಾಗುತ್ತಾ, ಇಲ್ಲ ಸುಮ್ನೆ ದುಡ್ಡು ದಂಡಾನಾ?

ಈಗಿರುವ ಆಂಪ್ ನಿಮ್ಮ ಸ್ಪೀಕರ್ ಎಳೆಯಲಾರದೆ ಒದ್ದಾಡುತ್ತಿದ್ದರೆ ಖಂಡಿತ ಬದಲಾಗುತ್ತದೆ. ಜೋರು ಮಾಡಿದಾಗ ದನಿ ಕಿರುಚಿದಂತಾಗುವುದು, ಮೃದಂಗದ ಎಡಭಾಗದ ಏಟು ಸಡಿಲವಾಗಿ ಕೇಳುವುದು, ಎಲ್ಲ ವಾದ್ಯ ಒಟ್ಟಿಗೆ ಬಂದಾಗ ಕಲಸಿಹೋಗುವುದು ಇದರ ಲಕ್ಷಣ. ಈ ಯಾವುದೂ ಇಲ್ಲದಿದ್ದರೆ ಹೊಸ ಆಂಪಿನಿಂದ ಸಿಗುವ ವ್ಯತ್ಯಾಸ ಚಿಕ್ಕದು.

ನಮ್ಮ ಕಡೆಯ ಹೊಸ ಮನೆಗಳನ್ನು ನೋಡಿ. ಆರ್‌ಸಿಸಿ ಚಾವಣಿ, ನೆಲಕ್ಕೆ ಗ್ರಾನೈಟ್ ಅಥವಾ ಟೈಲ್ಸ್, ಬರಿ ಗೋಡೆ. ಚಪ್ಪಾಳೆ ತಟ್ಟಿದರೆ ಸದ್ದು ಟಣ್ ಅಂತ ವಾಪಸ್ ಬರುತ್ತದೆ. ಅಂಥ ಕೋಣೆಯಲ್ಲಿ ಐದು ಲಕ್ಷದ ಆಂಪ್ ಇಟ್ಟರೂ ಅಷ್ಟೇ. ಮೊದಲು ದಪ್ಪ ಜಮಖಾನ, ದಪ್ಪ ಪರದೆ, ಗೋಡೆಗೆ ಪುಸ್ತಕದ ಕಪಾಟು. ಸ್ಪೀಕರನ್ನು ಗೋಡೆಯಿಂದ ಎರಡಡಿ ಮುಂದೆ ತನ್ನಿ. ಇಷ್ಟು ಮಾಡಿದ ಮೇಲೂ ಕೊರತೆ ಕಂಡರೆ ಆಂಪಿನ ಮಾತು.

ನನ್ನ ಹಳೇ ಸೆಟ್ ಮೇಲೆ 1000 ವಾಟ್ ಅಂತಿದೆ. ಎರಡು ಲಕ್ಷದ ಆಂಪ್ ಬರೀ 60 ವಾಟ್ ಅಂತಾರೆ. ಏನಿದು ಮೋಸ?

ಮೋಸ ಇರುವುದು ಹಳೇ ಸೆಟ್ಟಿನಲ್ಲಿ. ಅದು ಪಿಎಂಪಿಒ ಲೆಕ್ಕ. ಕ್ಷಣಮಾತ್ರಕ್ಕೆ, ದನಿ ಎಷ್ಟು ಕೆಟ್ಟರೂ ಸರಿ ಅಂತ ಹೇಳುವ ಸಂಖ್ಯೆ ಅದು, ಅಳೆಯಲು ಒಂದು ನಿಯಮವೂ ಇಲ್ಲ. ಒಳ್ಳೆಯ ಕಂಪನಿ ಹೇಳುವುದು ಆರ್‌ಎಂಎಸ್ ಲೆಕ್ಕದಲ್ಲಿ: 8 ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆ, ಎರಡೂ ಚಾನೆಲ್ ಒಟ್ಟಿಗೆ ಓಡುತ್ತಿರುವಾಗ, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್‌ವರೆಗೆ, ದನಿ ಇಷ್ಟಕ್ಕಿಂತ ಕೆಡದಂತೆ ಇಷ್ಟು ವಾಟ್ ಎಡೆಬಿಡದೆ ಕೊಡುತ್ತೇನೆ ಅಂತ. ಹಿಂಬದಿಯಲ್ಲಿ ಬರೆದಿರುವ ವಿದ್ಯುತ್ ಬಳಕೆ ನೋಡಿ. 50 ವಾಟ್ ಎಳೆಯುವ ಡಬ್ಬಿ 1000 ವಾಟ್ ಹೊರಗೆ ಕೊಡುವುದು ಹೇಗೆ ಸಾಧ್ಯ?

ಹಾಗಾದ್ರೆ ನನಗೆ ಎಷ್ಟು ವಾಟ್ ಬೇಕು?

ಸ್ಪೀಕರಿನ ಸೆನ್ಸಿಟಿವಿಟಿ ನೋಡಿ. ಸಾಮಾನ್ಯವಾಗಿ 87 ಡೆಸಿಬಲ್ ಅಂತ ಇರುತ್ತದೆ. ಅಂದರೆ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 87 ಡೆಸಿಬಲ್. ನೀವು 3 ಮೀಟರ್ ದೂರ ಕೂತು ಎರಡು ಸ್ಪೀಕರ್ ಹಾಕಿದರೆ, ಕೋಣೆಯ ಪ್ರತಿಧ್ವನಿ ಸೇರಿ ಹತ್ತಿರ ಹತ್ತಿರ 80 ಡೆಸಿಬಲ್ ಕಿವಿಗೆ ಬೀಳುತ್ತದೆ. ಮನೆಯಲ್ಲಿ ನಾವು ಸಾಮಾನ್ಯವಾಗಿ ಕೇಳುವುದು 75ರ ಆಸುಪಾಸಿನಲ್ಲಿ. ಅಂದರೆ ಹೆಚ್ಚು ಹೊತ್ತು ನಿಮ್ಮ ಆಂಪ್ ಒಂದು ವಾಟ್ ಕೂಡ ಖರ್ಚು ಮಾಡುತ್ತಿಲ್ಲ!

ಆದರೆ ಮೃದಂಗದ ಒಂದು ಏಟು, ತಾಳದ ಒಂದು ಹೊಡೆತ ಸರಾಸರಿಗಿಂತ 20 ಡೆಸಿಬಲ್ ಮೇಲೆ ಹೋಗಬಹುದು. 80ರಿಂದ 90ಕ್ಕೆ ಏರಲು 10 ವಾಟ್ ಬೇಕು, 95ಕ್ಕೆ ಸುಮಾರು 32, 100ಕ್ಕೆ 100 ವಾಟ್. ಹಾಗಾಗಿ ಸಾಧಾರಣ ಹಾಲ್‌ಗೆ 50ರಿಂದ 80 ಸಾಚಾ ವಾಟ್ ಸಾಕು.

ಇನ್ನೊಂದು ಮಾತು. ವಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ, ಬರೀ 3 ಡೆಸಿಬಲ್ ಏರುತ್ತದೆ. 80 ವಾಟಿನದು ಬಿಟ್ಟು 100 ವಾಟಿನದು ತಂದರೆ 1 ಡೆಸಿಬಲ್ ಆಸುಪಾಸು. ಅದಕ್ಕಾಗಿ ಲಕ್ಷ ಸುರಿಯಬೇಡಿ.

ವಾಲ್ಯೂಮ್ ಅರ್ಧಕ್ಕೆ ಇಟ್ರೇ ಸಾಕಷ್ಟು ಜೋರು. ಅಂದ್ರೆ ಇನ್ನರ್ಧ ಪವರ್ ಉಳಿದಿದೆ ಅಲ್ವಾ?

ಇಲ್ಲ. ಗುಂಡಿ ತೋರಿಸುವುದು ಎಷ್ಟು ಸಿಗ್ನಲ್ ಒಳಗೆ ಬಿಟ್ಟಿದ್ದೀರಿ ಅನ್ನುವುದನ್ನು, ಎಷ್ಟು ಪವರ್ ಖರ್ಚಾಯಿತು ಅನ್ನುವುದನ್ನಲ್ಲ. ನಲ್ಲಿ ಅರ್ಧ ತಿರುಗಿಸುವಷ್ಟರಲ್ಲೇ ನೀರು ಪೂರ್ತಿ ಸುರಿಯುವುದಿಲ್ಲವೇ, ಹಾಗೆ. ಸಿಡಿ ಪ್ಲೇಯರ್ ಅಥವಾ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪಿಗೆ ಬೇಕಾದ ಸಿಗ್ನಲ್ ಮಾಡುವ ಡಬ್ಬಿ) ಸುಮಾರು 2 ವೋಲ್ಟ್ ಕೊಡುತ್ತದೆ. ಬಹಳ ಆಂಪ್‌ಗಳಿಗೆ ಪೂರ್ತಿ ಪವರ್ ಮುಟ್ಟಲು ಅರ್ಧ ವೋಲ್ಟೂ ಬೇಡ. ಗುಂಡಿ 12 ಗಂಟೆಗೆ ಬರುವ ಮುಂಚೆಯೇ ಆಂಪ್ ಸುಸ್ತಾಗಿರಬಹುದು. ಮದುವೆಮನೆಯ ಉತ್ಸಾಹದಲ್ಲಿ ಗುಂಡಿ ಪೂರ್ತಿ ತಿರುಗಿಸಿ ಟ್ವೀಟರ್ (ತಾರ ಸ್ವರ ನುಡಿಸುವ ಸಣ್ಣ ಸ್ಪೀಕರ್) ಸುಟ್ಟುಕೊಳ್ಳುವವರು ಇದನ್ನೇ ತಿಳಿದಿರುವುದಿಲ್ಲ.

## ಯಾವುದನ್ನು ಕೊಳ್ಳೋದು

ಕ್ಲಾಸ್ ಎ ಒಳ್ಳೇದಂತೆ, ಕ್ಲಾಸ್ ಡಿ ಬೇಡವಂತೆ, ವಾಲ್ವ್ ಅಂದ್ರೆ ಸ್ವರ್ಗವಂತೆ. ಯಾವುದು ನಿಜ?

ಕ್ಲಾಸ್ ಎ ಆಂಪಿನಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಯಾವಾಗಲೂ ಪೂರ್ತಿ ಎಚ್ಚರ. ಹಾಡಿದರೂ ಅಷ್ಟೇ ಕರೆಂಟು, ಸುಮ್ಮನಿದ್ದರೂ ಅಷ್ಟೇ. ಪಾಸ್ ಲ್ಯಾಬ್ಸ್‌ನ ಎಕ್ಸ್‌ಎ25 ಚಾನೆಲ್ಲಿಗೆ 25 ವಾಟ್ ಕೊಡುವ ಆಂಪ್. ಆದರೆ ಗೋಡೆಯಿಂದ ಎಳೆಯುವುದು ಸುಮಾರು 240 ವಾಟ್. ದಿನಕ್ಕೆ ನಾಲ್ಕು ಗಂಟೆ ಕೇಳಿದರೆ ಬೆಸ್ಕಾಂ ಬಿಲ್ಲಿಗೆ ದಿನಕ್ಕೊಂದು ಯೂನಿಟ್ ಸೇರಿತು ಅಂದುಕೊಳ್ಳಿ. ಕರೆಂಟಿನ ದುಡ್ಡು ಹೇಗೋ ಆಗುತ್ತದೆ, ಕಷ್ಟ ಇರುವುದು ಬಿಸಿಯಲ್ಲಿ. ಏಪ್ರಿಲ್ ಮಧ್ಯಾಹ್ನ ಶಿರಾದಲ್ಲಿ ಅದರ ಪಕ್ಕ ಕೂರುವುದು ತಪಸ್ಸೇ ಸರಿ. ಗಾಜಿನ ಬಾಗಿಲಿನ ಶೋಕೇಸ್ ಒಳಗಂತೂ ಇಡಲೇಬೇಡಿ.

ಕ್ಲಾಸ್ ಎಬಿ ನಡುದಾರಿ. ಹೆಚ್ಚಿನ ಒಳ್ಳೆಯ ಆಂಪ್‌ಗಳು ಇದೇ. ಕ್ಲಾಸ್ ಡಿಯಲ್ಲಿ ಟ್ರಾನ್ಸಿಸ್ಟರ್ ಅತಿ ವೇಗವಾಗಿ ಆನ್-ಆಫ್ ಆಗುತ್ತಾ ಕೆಲಸ ಮಾಡುತ್ತದೆ. ಅದರ ಬಗ್ಗೆ ಇರುವ ತಾತ್ಸಾರ ಹಳೆಯದು. ಹೈಪೆಕ್ಸ್, ಪ್ಯೂರಿಫೈ ಕಂಪನಿಗಳ ಕ್ಲಾಸ್ ಡಿ ಮಾಡ್ಯೂಲ್ ಬಂದ ಮೇಲೆ ಅಳತೆಯಲ್ಲಿ ಅವನ್ನು ಮೀರಿಸುವುದು ಕಷ್ಟ. ಬಿಸಿ ಕಮ್ಮಿ, ತೂಕ ಕಮ್ಮಿ. ಹೊರದೇಶದಿಂದ ಹೊತ್ತು ತರುವವರಿಗೆ ನನ್ನ ಮೊದಲ ಸಲಹೆ ಇದೇ.

ವಾಲ್ವ್ (ಟ್ರಾನ್ಸಿಸ್ಟರ್ ಬದಲು ಗಾಜಿನ ನಳಿಗೆ ಇರುವ) ಆಂಪಿನ ದನಿ ಇಷ್ಟವಾದರೆ ತೆಗೆದುಕೊಳ್ಳಿ, ತಪ್ಪಿಲ್ಲ. ಆದರೆ ಇಎಲ್34, ಕೆಟಿ88 ವಾಲ್ವ್‌ಗಳು ಸವೆಯುವ ವಸ್ತು, ಕೆಲವು ಸಾವಿರ ಗಂಟೆಗೆ ಬದಲಾಯಿಸಬೇಕು. ಬಯಾಸ್ (ಹಾಡಿಲ್ಲದಾಗ ವಾಲ್ವಿನಲ್ಲಿ ಹರಿಯುವ ಕರೆಂಟು) ಹೊಂದಿಸಲು ಕೈ ಪಳಗಿರಬೇಕು. ಒಳಗೆ 400 ವೋಲ್ಟ್ ಮೇಲೆ ಡಿಸಿ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ಮಕ್ಕಳಿರುವ ಮನೆಯಲ್ಲಿ ಜಾಲರಿ ತೆಗೆಯಬೇಡಿ.

ಇಂಟಿಗ್ರೇಟೆಡ್ ತಗೊಳ್ಲಾ, ಪ್ರೀ-ಪವರ್ ಬೇರೆ ಬೇರೆ ತಗೊಳ್ಲಾ?

ಇಂಟಿಗ್ರೇಟೆಡ್. ಅಂದರೆ ಸಿಗ್ನಲ್ ಆರಿಸಿ ಹೊಂದಿಸುವ ಪ್ರೀ, ಸ್ಪೀಕರ್ ಓಡಿಸುವ ಪವರ್ ಎರಡೂ ಒಂದರಲ್ಲೇ ಇರುವುದು. ಒಂದು ಪೆಟ್ಟಿಗೆ, ಒಂದು ಪ್ಲಗ್, ಒಂದು ಕಸ್ಟಮ್ಸ್ ಲೆಕ್ಕ. ಸ್ಪೀಕರ್ ಓಡಿಸುವುದು ತೀರಾ ಕಷ್ಟವಾದರೆ ಮಾತ್ರ ಬೇರೆ ಪವರ್ ಆಂಪಿನ ಯೋಚನೆ ಮಾಡಿ.

ಸ್ಪೀಕರ್ 4 ಓಮ್ ಅಂತಿದೆ. ಆಂಪ್ ಸುಡುತ್ತಾ?

ಓಮ್ ಕಡಿಮೆಯಾದಷ್ಟೂ ಸ್ಪೀಕರ್ ಜಾಸ್ತಿ ಕರೆಂಟು ಕೇಳುತ್ತದೆ. 8 ಓಮ್‌ನಲ್ಲಿ 80 ವಾಟ್ ಕೊಡುವ ಆಂಪ್ 4 ಓಮ್‌ನಲ್ಲಿ 140–160 ಕೊಟ್ಟರೆ ಅದರ ಪವರ್ ಸಪ್ಲೈ ಗಟ್ಟಿ ಅಂತ ಅರ್ಥ. 90ಕ್ಕೆ ನಿಂತರೆ ಒಳಗೆ ಟ್ರಾನ್ಸ್‌ಫಾರ್ಮರ್ ಸಣ್ಣದು. 4 ಓಮ್ ಸಂಖ್ಯೆಯನ್ನೇ ಬರೆಯದಿದ್ದರೆ ಆ ಆಂಪ್ ಬಿಟ್ಟುಬಿಡಿ. ಸ್ಪೀಕರ್ ಮೇಲೆ ಬರೆದಿರುವುದು ಸರಾಸರಿ ಅಷ್ಟೇ. 4 ಓಮ್ ಸ್ಪೀಕರ್ ಕೆಲವು ಸ್ವರಗಳಲ್ಲಿ 3ಕ್ಕೂ ಇಳಿಯುತ್ತದೆ.

## ಹೊರದೇಶದಿಂದ ತರುವಾಗ

ಮಗ ಅಮೆರಿಕದಲ್ಲಿದ್ದಾನೆ. ಬರುವಾಗ ಒಂದು ತಗೊಂಡು ಬಾ ಅನ್ನಲಾ?

ಮೊದಲು ಅಲ್ಲಿನ ಆಂಪಿನ ಹಿಂಬದಿಯ ಫೋಟೋ ಕಳಿಸಲು ಹೇಳಿ. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಜ್. ಅಲ್ಲಿ 120 ವೋಲ್ಟ್, 60 ಹರ್ಟ್ಜ್. ಹಿಂಬದಿಯಲ್ಲಿ '100–240 ವೋಲ್ಟ್, 50/60 ಹರ್ಟ್ಜ್' ಅಂತ ಇದ್ದರೆ ಧೈರ್ಯವಾಗಿ ತರಿಸಿ, ಪ್ಲಗ್ ವೈರ್ ಬದಲಾಯಿಸಿದರೆ ಸಾಕು. ವೋಲ್ಟೇಜ್ ಆರಿಸುವ ಸ್ವಿಚ್ ಇದ್ದರೂ ಸರಿ, ಆದರೆ ಪ್ಲಗ್ ಹಾಕುವ ಮೊದಲು ಅದನ್ನು 230ಕ್ಕೆ ತಿರುಗಿಸಿ, ಫ್ಯೂಸ್ ಬದಲಾಯಿಸಬೇಕಾ ಅಂತ ಕೈಪಿಡಿ ನೋಡಿ. ಬರೀ '120 ವೋಲ್ಟ್, 60 ಹರ್ಟ್ಜ್' ಅಂತಿದ್ದರೆ ಬೇಡ ಅನ್ನಿ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಜ್ ಬದಲಾಯಿಸುವುದಿಲ್ಲ. 60ಕ್ಕೆ ಅಂತಲೇ ಸುತ್ತಿದ ಟ್ರಾನ್ಸ್‌ಫಾರ್ಮರನ್ನು 50ರಲ್ಲಿ ಓಡಿಸಿದರೆ ಅದರ ಕೋರ್ (ಒಳಗಿನ ಕಬ್ಬಿಣದ ತಿರುಳು) ಮೇಲೆ 20 ಪರ್ಸೆಂಟ್ ಜಾಸ್ತಿ ಹೊರೆ. ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ.

ಜಪಾನಲ್ಲಿ ಲಕ್ಸ್‌ಮನ್, ಅಕ್ಯುಫೇಸ್ ಅಗ್ಗವಂತೆ. ಅದು 100 ವೋಲ್ಟ್ ಆದ್ರೇನು, ಸ್ಟೆಪ್‌ಡೌನ್ ಇಟ್ರೆ ಆಯ್ತಲ್ವಾ?

ಜಪಾನಿನದ್ದು ವಿಚಿತ್ರ. ಟೋಕಿಯೋ ಕಡೆ 50 ಹರ್ಟ್ಜ್, ಒಸಾಕಾ ಕಡೆ 60. ಅದಕ್ಕೇ ಅಲ್ಲಿನ ಆಂಪ್‌ಗಳು ಎರಡಕ್ಕೂ ಹೊಂದುವಂತೆ ತಯಾರಾಗುತ್ತವೆ. ಹರ್ಟ್ಜ್ ತೊಂದರೆ ಇಲ್ಲ, ತೊಂದರೆ ಬರೀ ವೋಲ್ಟೇಜಿನದು.

ಆದರೆ ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಸ್ಟೆಪ್‌ಡೌನ್ 110 ವೋಲ್ಟಿನದು. 100 ವೋಲ್ಟ್ ಆಂಪಿಗೆ ಅದು ಆಗಲೇ 10 ಪರ್ಸೆಂಟ್ ಜಾಸ್ತಿ. ರಾತ್ರಿ ಹೊತ್ತು ನಿಮ್ಮ ಬೀದಿಯಲ್ಲಿ 250 ವೋಲ್ಟ್ ಬಂದರೆ ಆ 110 ಹೋಗಿ 120 ಆಗುತ್ತದೆ. ಹಾಗಾಗಿ 230ರಿಂದ 100ಕ್ಕೆ ಅಂತಲೇ ಹೇಳಿ ಸುತ್ತಿಸಬೇಕು. ಬೆಂಗಳೂರಿನ ಎಸ್‌ಪಿ ರೋಡ್ ಕಡೆ ವಿಚಾರಿಸಿದರೆ ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರು ಸಿಗುತ್ತಾರೆ. ಆಟೋ ಟ್ರಾನ್ಸ್‌ಫಾರ್ಮರ್ ಬೇಡ, ಐಸೋಲೇಶನ್ (ಒಳಬರುವ, ಹೊರಹೋಗುವ ಸುತ್ತು ಬೇರೆ ಬೇರೆ ಇರುವುದು) ಬೇಕು ಅನ್ನಿ. ಆಟೋದಲ್ಲಿ ಒಳಗಿನ ಸುತ್ತು ಒಂದು ಕಡೆ ತುಂಡಾದರೆ ಪೂರ್ತಿ 230 ನೇರವಾಗಿ ಆಂಪಿಗೆ ನುಗ್ಗುತ್ತದೆ. ಆಂಪಿನ ಹಿಂದೆ ಬರೆದಿರುವ ಬಳಕೆಯ ಎರಡು-ಮೂರು ಪಟ್ಟು ವಿಎ (ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯದ ಅಳತೆ) ಇರಲಿ. ಈ ಕಬ್ಬಿಣದ ಗಡ್ಡೆಯ ದುಡ್ಡು, ಜಾಗ ಎರಡನ್ನೂ ಲೆಕ್ಕಕ್ಕೆ ಸೇರಿಸಿ. ಆಮೇಲೂ ಅಗ್ಗ ಅನ್ನಿಸುತ್ತಾ ನೋಡಿ.

ಯಾವ ದೇಶದಲ್ಲಿ ಕೊಳ್ಳೋದು ವಾಸಿ?

ನಾನು ಸಿಂಗಾಪುರ ಅಥವಾ ದುಬೈ ಅನ್ನುತ್ತೇನೆ. ಎರಡೂ ಕಡೆ ನಮ್ಮ ಹಾಗೇ 50 ಹರ್ಟ್ಜ್, 230ರ ಆಸುಪಾಸಿನ ವೋಲ್ಟ್. ಸಿಂಗಾಪುರದಲ್ಲಿ ಸಿಟಿ ಹಾಲ್ ಹತ್ತಿರದ ಅಡೆಲ್ಫಿ ಕಟ್ಟಡದಲ್ಲಿ ಹೈಫೈ ಅಂಗಡಿಗಳ ಸಾಲೇ ಇದೆ, ಕೂತು ಕೇಳಿ ನೋಡಬಹುದು. ಅಲ್ಲಿ ಜಿಎಸ್‌ಟಿ 9 ಪರ್ಸೆಂಟ್, ಪ್ರವಾಸಿಗರಿಗೆ ವಾಪಸ್ ಸಿಗುತ್ತದೆ, ಅದರಲ್ಲಿ ಸ್ವಲ್ಪ ಸೇವಾ ಶುಲ್ಕ ಹಿಡಿದುಕೊಳ್ಳುತ್ತಾರೆ. ದುಬೈ ವ್ಯಾಟ್ 5 ಪರ್ಸೆಂಟ್, ಅದೂ ವಾಪಸ್. ಜಪಾನಿನಲ್ಲಿ 10 ಪರ್ಸೆಂಟ್ ಬಳಕೆ ತೆರಿಗೆ ಪ್ರವಾಸಿಗರಿಗೆ ಇಲ್ಲ. 2026ರ ನವೆಂಬರ್ 1ರಿಂದ ಅಲ್ಲೂ ಮೊದಲು ಕಟ್ಟಿ ಹೊರಡುವಾಗ ವಾಪಸ್ ಪಡೆಯುವ ಪದ್ಧತಿ. ಇಂಗ್ಲೆಂಡಿನಲ್ಲಿ ಪ್ರವಾಸಿಗರಿಗೆ ಅಂಗಡಿಯ ವ್ಯಾಟ್ ವಾಪಸ್ ಕೊಡುವುದನ್ನು 2021ರಿಂದ ನಿಲ್ಲಿಸಿದ್ದಾರೆ. ಬ್ರಿಟಿಷ್ ಆಂಪನ್ನು ಬ್ರಿಟನ್ನಿನಲ್ಲೇ ಕೊಳ್ಳುವ ಆಸೆ ಇದ್ದವರು ಇದನ್ನು ನೆನಪಿಡಿ.

ಏರ್‌ಪೋರ್ಟಲ್ಲಿ ಕಸ್ಟಮ್ಸ್ ಎಷ್ಟು ಕಟ್ಟಬೇಕು?

2016ರ ಬ್ಯಾಗೇಜ್ ನಿಯಮದ ಲೆಕ್ಕ ಹೀಗಿತ್ತು: 50,000 ರೂಪಾಯಿವರೆಗೆ ಸುಂಕ ಇಲ್ಲ, ಅದರ ಮೇಲಿನದಕ್ಕೆ 35 ಪರ್ಸೆಂಟ್, ಸರ್‌ಚಾರ್ಜ್ ಸೇರಿ 38.5. ಈ ಮಿತಿಯನ್ನೂ ದರವನ್ನೂ ಸರ್ಕಾರ ಬದಲಾಯಿಸುತ್ತಿರುತ್ತದೆ, ಹಾಗಾಗಿ ಟಿಕೆಟ್ ಮಾಡಿಸುವ ವಾರ ಕಸ್ಟಮ್ಸ್ ಇಲಾಖೆಯ ತಾಣದಲ್ಲಿ ಹೊಸದನ್ನು ನೋಡಿಕೊಳ್ಳಿ. ಲೆಕ್ಕ ಹಾಕುವ ರೀತಿ ಮಾತ್ರ ಅದೇ. 1,50,000ದ ಆಂಪ್ ಅಂದುಕೊಳ್ಳಿ. 50,000 ಕಳೆದರೆ 1,00,000. ಅದಕ್ಕೆ 38,500 ಸುಂಕ. ಕಾರ್ಡಿನಲ್ಲಿ ಕೊಟ್ಟರೆ ಬ್ಯಾಂಕು ವಿದೇಶಿ ವಹಿವಾಟಿಗೆ 3.5 ಪರ್ಸೆಂಟ್ ಹಿಡಿದರೆ 5,250. ಅಲ್ಲಿಗೆ 1,93,750 ಆಯಿತು. ಇದನ್ನು ಬೆಂಗಳೂರಿನ ಡೀಲರ್ ಹೇಳುವ ಬೆಲೆಗೆ ಹೋಲಿಸಿ. ವ್ಯತ್ಯಾಸ 20 ಪರ್ಸೆಂಟಿಗಿಂತ ಕಮ್ಮಿ ಇದ್ದರೆ ನಾನು ಇಲ್ಲೇ ಕೊಳ್ಳುತ್ತೇನೆ.

'ಗಂಡ ಹೆಂಡತಿ ಇಬ್ಬರೂ ಬರ್ತೀವಿ, ಇಬ್ಬರದ್ದೂ ಮಿತಿ ಸೇರಿಸಬಹುದಲ್ವಾ' ಅಂತ ಎಲ್ಲರೂ ಕೇಳುತ್ತಾರೆ. ಆಗುವುದಿಲ್ಲ. ಒಂದು ವಸ್ತುವಿಗೆ ಒಬ್ಬರ ಮಿತಿ ಮಾತ್ರ.

ಡಬ್ಬಿ ಎಸೆದು, ಬಿಲ್ ಹರಿದು, ಗ್ರೀನ್ ಚಾನೆಲ್ಲಿನಲ್ಲಿ (ಸುಂಕ ಕಟ್ಟುವಂಥದ್ದು ಏನೂ ಇಲ್ಲದವರ ದಾರಿ) ನಡೆದು ಬರುವ ಉಪಾಯವನ್ನೂ ಕೆಲವರು ಹೇಳಿಕೊಡುತ್ತಾರೆ. 20 ಕಿಲೋ ತೂಕದ ಆಂಪ್ ಎಕ್ಸ್-ರೇಯಲ್ಲಿ ಕಾಣುವುದಿಲ್ಲವೇ? ಬಿಲ್ ಇಲ್ಲದಿದ್ದರೆ ಅಧಿಕಾರಿ ತಾನೇ ಬೆಲೆ ಕಟ್ಟುತ್ತಾರೆ, ದಂಡ ಹಾಕಬಹುದು, ವಸ್ತುವನ್ನೇ ಹಿಡಿದಿಡಬಹುದು. ರೆಡ್ ಚಾನೆಲ್ಲಿಗೆ ಹೋಗಿ, ಬಿಲ್ ತೋರಿಸಿ, ಕಟ್ಟಿ, ರಸೀದಿ ತೆಗೆದುಕೊಳ್ಳಿ. ಚಿಕ್ಕಬಳ್ಳಾಪುರದವರಿಗಂತೂ ದೇವನಹಳ್ಳಿ ಮನೆ ಬಾಗಿಲಲ್ಲೇ ಇದೆ, ಆತುರ ಯಾಕೆ?

ಸೂಟ್‌ಕೇಸಲ್ಲಿ ಹಿಡಿಸುತ್ತಾ?

ತೂಕ ನೋಡಿ. ಯಮಹಾ ಎ-ಎಸ್3200 ಬರೀ ಆಂಪೇ 24.7 ಕಿಲೋ. ಎಕಾನಮಿಯಲ್ಲಿ ಒಂದು ಚೀಲಕ್ಕೆ ಸಾಮಾನ್ಯವಾಗಿ 23 ಕಿಲೋ, ಹೆಚ್ಚಿಗೆ ದುಡ್ಡು ಕಟ್ಟಿದರೂ 32ರ ಮೇಲೆ ಒಂದೇ ಚೀಲ ತೆಗೆದುಕೊಳ್ಳುವುದಿಲ್ಲ. ಸೂಟ್‌ಕೇಸಿಗೆ ತುರುಕಬೇಡಿ. ಕಂಪನಿಯ ಡಬ್ಬಿ, ಅದರದೇ ಫೋಮ್, ಹೊರಗೆ ಇನ್ನೊಂದು ಡಬ್ಬಿ. ಎತ್ತರದಿಂದ ಬಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಬೋಲ್ಟ್ ಸಮೇತ ಕಿತ್ತುಕೊಂಡು ಬರುತ್ತದೆ. ವಾಲ್ವ್ ಇದ್ದರೆ ಬಿಚ್ಚಿ ಕೈಚೀಲದಲ್ಲಿ ತನ್ನಿ.

ಕೊರಿಯರಲ್ಲಿ ತರಿಸಿದ್ರೆ? ಸೆಕೆಂಡ್ ಹ್ಯಾಂಡ್ ತುಂಬಾ ಚೆನ್ನಾಗಿ ಸಿಗುತ್ತೆ.

ಪ್ರಯಾಣಿಕರಿಗಿರುವ ಸುಂಕದ ವಿನಾಯಿತಿ ಕೊರಿಯರಿಗೆ ಇಲ್ಲ. ಆಂಪಿನ ಬೆಲೆಗೆ ಸಾಗಣೆ, ವಿಮೆ ಸೇರಿಸಿ ಅದರ ಮೇಲೆ ಮೂಲ ಸುಂಕ, ಸುಂಕದ ಮೇಲೆ ಸರ್‌ಚಾರ್ಜ್, ಎಲ್ಲದರ ಮೇಲೆ ಐಜಿಎಸ್‌ಟಿ. ಆಂಪಿನಲ್ಲಿ ಬ್ಲೂಟೂತ್, ವೈಫೈ ಇದ್ದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಅನುಮೋದನೆ ಕೇಳಿ ತಡೆಹಿಡಿಯುತ್ತಾರೆ. ಸೆಕೆಂಡ್ ಹ್ಯಾಂಡ್ ಗೃಹಬಳಕೆ ವಸ್ತುವಿನ ಆಮದಿಗೆ ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಪರವಾನಗಿ ಬೇಕು. ಒಬ್ಬ ಹವ್ಯಾಸಿ ಅದನ್ನು ಪಡೆಯುವುದು ಸುಲಭದ ಮಾತಲ್ಲ. ಫೋಟೋ ನೋಡಿ ಮನಸೋತು ದುಡ್ಡು ಕಳಿಸುವ ಮೊದಲು ಇದನ್ನು ಇನ್ನೊಮ್ಮೆ ಓದಿ.

ಕೆಟ್ಟರೆ ಇಲ್ಲಿ ರಿಪೇರಿ ಮಾಡಿಕೊಡ್ತಾರಾ?

ಹೈ-ಎಂಡ್ ಆಂಪ್‌ಗಳ ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೆ ಮಾತ್ರ. ದುಡ್ಡು ಕೊಡುತ್ತೇನೆ ಅಂದರೂ ಇಲ್ಲಿನ ವಿತರಕರು ಹೊರಗಿನಿಂದ ತಂದದ್ದನ್ನು ಮುಟ್ಟದಿರಬಹುದು. ಕೊಳ್ಳುವ ಮೊದಲೇ ಈ ಸೀರಿಯಲ್ ನಂಬರಿನದನ್ನು ರಿಪೇರಿ ಮಾಡುತ್ತೀರಾ ಅಂತ ಇಲ್ಲಿನ ವಿತರಕರಿಗೆ ಇಮೇಲ್ ಬರೆಯಿರಿ, ಉತ್ತರವನ್ನು ಇಟ್ಟುಕೊಳ್ಳಿ. ಸ್ಥಳೀಯ ಮೆಕ್ಯಾನಿಕ್ ಇದ್ದಾರೆ ನಿಜ, ಒಳ್ಳೆಯವರೂ ಇದ್ದಾರೆ. ಆದರೆ ಸರ್ವಿಸ್ ಮ್ಯಾನ್ಯುಯಲ್ ಇಲ್ಲದೆ ಅವರೇನು ಮಾಡಬೇಕು? ಔಟ್‌ಪುಟ್ ಟ್ರಾನ್ಸಿಸ್ಟರುಗಳಲ್ಲಿ ನಕಲಿ ಬಹಳ. ತೋಷಿಬಾ 2ಎಸ್‌ಸಿ5200 ಅಂತ ಬರೆದದ್ದೆಲ್ಲ ತೋಷಿಬಾ ಅಲ್ಲ.

## ಮನೆಗೆ ತಂದ ಮೇಲೆ

ನಮ್ಮೂರಲ್ಲಿ ಕರೆಂಟು ಒಂದೊಂದು ಹೊತ್ತು 180, ಒಂದೊಂದು ಹೊತ್ತು 255. ಸ್ಟೆಬಿಲೈಜರ್ ಬೇಕಾ?

ಬೇಕು. ಕೋಲಾರದ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿವೆ. ಅವುಗಳ ಮೋಟರು ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ, ನಿಂತಾಗ ಏರುತ್ತದೆ. ಫ್ರಿಜ್‌ಗೆ ಹಾಕುವ ರಿಲೇ ಸ್ಟೆಬಿಲೈಜರ್ ಬೇಡ, ಅದು ಟಕ್ ಟಕ್ ಅಂತ ಹಂತ ಬದಲಾಯಿಸುವ ಸದ್ದು ಸ್ಪೀಕರಿನಲ್ಲೂ ಕೇಳಬಹುದು. ಮೋಟರ್ ತಿರುಗಿ ನಯವಾಗಿ ವೋಲ್ಟೇಜ್ ಹೊಂದಿಸುವ ಸರ್ವೋ ಹಾಕಿ.

ಅದಕ್ಕಿಂತ ಮುಖ್ಯ ಓವರ್‌ವೋಲ್ಟೇಜ್ ಕಟ್‌ಆಫ್. ಕಂಬದಲ್ಲಿ ನ್ಯೂಟ್ರಲ್ ಕಡಿದರೆ ನಿಮ್ಮ ಫೇಸಿಗೆ 400ರ ಹತ್ತಿರ ನುಗ್ಗಬಹುದು, ಸರ್ವೋ ತಿರುಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಂತೂ ಪ್ಲಗ್ ಕಿತ್ತಿಡಿ. ಬರೀ ಕರೆಂಟಿನದಲ್ಲ, ಕೇಬಲ್ ಟಿವಿ, ಇಂಟರ್ನೆಟ್ ವೈರ್ ಕೂಡ. ಮನೆಯ ಯುಪಿಎಸ್ ಸ್ಕ್ವೇರ್ ವೇವ್ (ನಯವಾದ ಅಲೆಯ ಬದಲು ಚೌಕದ ಅಲೆ ಕೊಡುವುದು) ಆಗಿದ್ದರೆ ಆಂಪನ್ನು ಆ ಲೈನಿಗೆ ಕೊಡಬೇಡಿ.

ಹೊಸ ಆಂಪ್ ಹಾಕಿದ ಮೇಲೆ ಗುಂಯ್ ಅಂತಿದೆ. ಕೆಟ್ಟಿದೆಯಾ?

ಕಿವಿ ಎಲ್ಲಿಟ್ಟಾಗ ಕೇಳುತ್ತದೆ ಅನ್ನುವುದು ಮೊದಲ ಪ್ರಶ್ನೆ. ಸದ್ದು ಸ್ಪೀಕರಿನಿಂದ ಬಂದರೆ ಇನ್‌ಪುಟ್ ವೈರುಗಳನ್ನು ಒಂದೊಂದೇ ಕೀಳಿ. ಕೇಬಲ್ ಟಿವಿ ಡಬ್ಬಿಯ ವೈರ್ ಕಿತ್ತ ಕೂಡಲೇ ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ಕಡೆಯ ಅರ್ತ್ ವೈರಿನ ಮೂಲಕ ಸೇರಿ ಸುತ್ತಾಗಿದೆ. ಆ ಡಬ್ಬಿಗೆ ಆಪ್ಟಿಕಲ್ ವೈರ್ ಬಳಸಿದರೆ ಮುಗಿಯಿತು. ಪ್ಲಗ್ಗಿನ ಅರ್ತ್ ಪಿನ್ ಮುರಿದು ಹಾಕುವ ಚಿಕಿತ್ಸೆ ಮಾತ್ರ ಬೇಡ, ಅದು ಪ್ರಾಣಕ್ಕೆ ಅಪಾಯ.

ಸ್ಪೀಕರ್ ಸುಮ್ಮನಿದ್ದು ಆಂಪಿನ ಪೆಟ್ಟಿಗೆಯೇ ಗುಂಯ್ ಅಂದರೆ ಅದು ಒಳಗಿನ ಟೊರಾಯ್ಡಲ್ (ಉಂಗುರದ ಆಕಾರದ) ಟ್ರಾನ್ಸ್‌ಫಾರ್ಮರ್. ಹೇರ್ ಡ್ರೈಯರಿನಂಥ ಕೆಲವು ಸಾಧನಗಳು ಅರ್ಧ ಅಲೆಯಷ್ಟೇ ಎಳೆಯುವುದರಿಂದ ಲೈನಿನಲ್ಲಿ ಸ್ವಲ್ಪ ಡಿಸಿ ಸೇರಿಕೊಳ್ಳುತ್ತದೆ. ಟೊರಾಯ್ಡಲ್‌ಗೆ ಅದು ಆಗಿಬರುವುದಿಲ್ಲ. ಹಗಲು ಒಂದು ಹೊತ್ತು ಇದ್ದು ರಾತ್ರಿ ಇಲ್ಲದಿದ್ದರೆ ಇದೇ ಕಾರಣ. ಡಿಸಿ ಬ್ಲಾಕರ್ ಅಂತ ಸಿಗುತ್ತದೆ. ಆನ್ ಮಾಡಿದಾಗ ಎಂಸಿಬಿ ಬೀಳುತ್ತಿದ್ದರೂ ಗಾಬರಿ ಬೇಡ. ದೊಡ್ಡ ಟೊರಾಯ್ಡಲ್ ಮೊದಲ ಕ್ಷಣ ಜಾಸ್ತಿ ಕರೆಂಟು ಎಳೆಯುತ್ತದೆ. ಬಿ ಮಾದರಿಯ ಎಂಸಿಬಿ ಇದ್ದರೆ ಎಲೆಕ್ಟ್ರಿಷಿಯನ್ ಕೈಲಿ ಸಿ ಮಾದರಿಯದು ಹಾಕಿಸಿ.

ನಮ್ಮದು ಬಂಡೆ ಜಾಗ. ಅರ್ತಿಂಗ್ ನಿಲ್ಲೋದೇ ಇಲ್ಲ. ಏನ್ಮಾಡೋದು?

ಚಿಂತಾಮಣಿ, ಬಾಗೇಪಲ್ಲಿ, ಪಾವಗಡದ ಕಡೆಯವರೆಲ್ಲ ಕೇಳುವ ಪ್ರಶ್ನೆ ಇದು. ಕಲ್ಲುನೆಲ, ಮೇಲಾಗಿ ಒಣನೆಲ. ಎರಡೂ ಕರೆಂಟನ್ನು ಸರಿಯಾಗಿ ಭೂಮಿಗೆ ಬಿಡುವುದಿಲ್ಲ. ಜಿಐ ಪೈಪ್, ಇದ್ದಿಲು, ಉಪ್ಪಿನ ಹಳೇ ಪದ್ಧತಿಯಲ್ಲಿ ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುತ್ತಿರಬೇಕು, ಅದನ್ನೇ ಎಲ್ಲರೂ ಮರೆಯುತ್ತಾರೆ. ಗುಂಡಿಯನ್ನು ಬಚ್ಚಲ ನೀರು ಹರಿಯುವ ಕಡೆ, ಗಿಡಗಳ ಬಳಿ ಮಾಡಿಸಿ. ಬಂಡೆ ಅಡ್ಡ ಬಂದರೆ ಎರಡು-ಮೂರು ಗುಂಡಿ ತೋಡಿಸಿ ಒಟ್ಟಿಗೆ ಜೋಡಿಸಿ. ಆಂಪಿಗೆ ಮಾತ್ರ ಅಂತ ಪ್ರತ್ಯೇಕ ಅರ್ತ್ ಮಾಡಿಸಿ, ಅದನ್ನು ಮನೆಯದಕ್ಕೆ ಸೇರಿಸದೆ ಬಿಡುವುದು ತಪ್ಪು. ಸಿಡಿಲು ಬಡಿದಾಗ ಎರಡರ ನಡುವಿನ ವೋಲ್ಟೇಜ್ ನಿಮ್ಮ ಆಂಪಿನ ಮೂಲಕವೇ ಹಾಯುತ್ತದೆ.

100 ವೋಲ್ಟ್ ಆಂಪನ್ನ ಒಳಗೇ 230ಕ್ಕೆ ಬದಲಾಯಿಸಬಹುದಂತಲ್ಲ?

ಕೆಲವದರಲ್ಲಿ ಆಗುತ್ತದೆ. ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ (ಮನೆಯ ಕರೆಂಟು ಒಳಬರುವ ಕಡೆ) 115 ವೋಲ್ಟಿನ ಎರಡು ಸುತ್ತು ಇದ್ದರೆ, ಅವನ್ನು ಸಮಾನಾಂತರವಾಗಿ ಸೇರಿಸಿದಾಗ 115, ಸರಣಿಯಲ್ಲಿ ಸೇರಿಸಿದಾಗ 230. ಅಮೆರಿಕ, ಯುರೋಪ್ ಎರಡಕ್ಕೂ ಮಾರುವ ಆಂಪ್‌ಗಳಲ್ಲಿ ಹೀಗಿರುವುದುಂಟು, ಒಂದೆರಡು ಜಂಪರ್ (ಸಣ್ಣ ಜೋಡಣೆಯ ವೈರ್) ಬದಲಾಯಿಸಿ ಫ್ಯೂಸಿನ ಆಂಪಿಯರನ್ನು ಮೊದಲಿದ್ದುದರ ಅರ್ಧಕ್ಕೆ ಇಳಿಸಬೇಕು. ಜಪಾನಿನ ಒಳಮಾರುಕಟ್ಟೆಯ ಮಾದರಿಗಳಲ್ಲಿ ಹೆಚ್ಚಾಗಿ 100ರ ಒಂದೇ ಸುತ್ತು. ಅಲ್ಲಿ ಬದಲಾಯಿಸಲು ಏನೂ ಇಲ್ಲ, ಇಡೀ ಟ್ರಾನ್ಸ್‌ಫಾರ್ಮರೇ ಬೇರೆ ಬೇಕು. ಮ್ಯಾನ್ಯುಯಲ್ ಕೈಯಲ್ಲಿ ಇಲ್ಲದೆ ಮುಚ್ಚಳ ತೆಗೆಯಬೇಡಿ. ಬದಲಾಯಿಸಿದ ಮೇಲೆ ಮೊದಲ ಸಲ 60 ವಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಸರಣಿಯಲ್ಲಿ ಹಾಕಿ ಆನ್ ಮಾಡಿ. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಸರಿ ಇದೆ. ಪೂರ್ತಿ ಉರಿಯುತ್ತಲೇ ಇದ್ದರೆ ತಕ್ಷಣ ಆರಿಸಿ, ಜಂಪರ್‌ಗಳನ್ನು ಮತ್ತೆ ನೋಡಿ.